ಕಾರಿನ ಕಾರ್ಖಾನೆಯ ಕನಸು ಕಂಡ ಕನ್ನಂಬಾಡಿ ಶಿಲ್ಪಿ

ಶ್ರೀರಂಗಪಟ್ಟಣ: ಸೆಪ್ಟೆಂಬರ್ 15 ಬಂತೆಂದರೆ ಕಾವೇರಿ ಬಯಲಿನ ಊರುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಸೀಮೆಯ ಅನೇಕ ರೈತರ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ಆ ಪೇಟಧಾರಿಯ ಚಿತ್ರವೂ ಇರುತ್ತದೆ. ಕನ್ನಂಬಾಡಿ ಕಟ್ಟೆಯ ಎಂಜಿನಿಯರ್, ಮೈಸೂರಿನ ದಿವಾನ, ಭಾರತರತ್ನ ಎಂಬಷ್ಟನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಈ ದೇಶದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕದ ಡೆಟ್ರಾಯಿಟ್‌ವರೆಗೆ ಹೋಗಿ ಬಂದವರೂ ಅವರೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅವರು ಬಯಸಿದ್ದ ಕಾರು ಇಂದು ಹಳ್ಳಿಹಳ್ಳಿಯ ಮನೆಯಂಗಳದಲ್ಲಿ ನಿಂತಿದೆ. ಅವರ ಹೆಸರು ಹೊತ್ತ ನಾಲೆಯ ದಂಡೆಯ ಮೇಲೆ ಹಗಲಿರುಳು ಓಡುತ್ತಿದೆ. ಆಗಾಗ ಆ ನಾಲೆಗೇ ಉರುಳುತ್ತಿದೆ. ಯಂತ್ರವನ್ನು ತರುವುದು ಕೆಲಸದ ಮೊದಲ ಭಾಗ ಮಾತ್ರ, ಕಾಲಕಾಲಕ್ಕೆ ಅದನ್ನು ನೋಡಿಕೊಳ್ಳುವುದೇ ಉಳಿದ ಭಾಗ ಎಂಬ ಪಾಠಕ್ಕೆ ಸರ್ ಎಂ.ವಿ. ಅವರ ಬದುಕಿಗಿಂತ ಹತ್ತಿರದ ಉದಾಹರಣೆ ಈ ಸೀಮೆಗೆ ಇನ್ನೊಂದಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಗೆ

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಓದು ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ ಪಡೆದು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದರು.

ಅಲ್ಲಿಂದ ಮುಂದಿನ ಇಪ್ಪತ್ತನಾಲ್ಕು ವರ್ಷ ಅವರದು ನೀರಿನೊಡನೆ ಒಡನಾಟ. ಸಿಂಧ್‌ನ ಸುಕ್ಕೂರ್ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟರು. ನಾಲೆಯ ನೀರನ್ನು ಬೇಕಾದವರು ಬೇಕಾದಾಗ ಎಳೆದುಕೊಳ್ಳುವ ಪದ್ಧತಿಗೆ ಬದಲಾಗಿ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಯ ಸರದಿಗೆ ತಕ್ಕಂತೆ ನೀರು ಬಿಡುವ ಕ್ರಮವನ್ನು ರೂಪಿಸಿದರು. ಸರದಿ, ವೇಳಾಪಟ್ಟಿ, ಲೆಕ್ಕದ ಪುಸ್ತಕ ಇವು ಮೂರೂ ಅವರು ಕೈಹಾಕಿದ ಪ್ರತಿಯೊಂದು ಕೆಲಸದಲ್ಲಿಯೂ ಕಾಣುವ ಗುರುತುಗಳು.

ತಾನೇ ತೆರೆಯುವ ಬಾಗಿಲು

ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ಸುಮಾರಿಗೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ದೇಶದ ಗಮನ ಸೆಳೆದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬಹುದಾದ ಉಪಾಯವದು. ನೀರು ನಿಗದಿತ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದು ಪ್ರವಾಹವನ್ನು ಹೊರಬಿಡುತ್ತದೆ. ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಮುಂದೆ ಗ್ವಾಲಿಯರ್‌ನ ತಿಗ್ರಾ ಮತ್ತು ನಮ್ಮ ಕೃಷ್ಣರಾಜಸಾಗರಗಳಿಗೂ ಈ ವಿಧಾನ ಬಂತು.

ಸ್ವಯಂಚಾಲಿತ ಎಂದಮಾತ್ರಕ್ಕೆ ಯಾರೂ ನೋಡಬೇಕಾಗಿಲ್ಲ ಎಂದು ಅರ್ಥವಲ್ಲ. ಕೀಲು ತುಕ್ಕು ಹಿಡಿಯದೆ, ಸರಪಳಿ ಸವೆಯದೆ, ಕೆಸರು ತುಂಬದೆ ಇದ್ದರೆ ಮಾತ್ರ ಬಾಗಿಲು ಆಪತ್ತಿನ ದಿನ ತೆರೆದೀತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಸರಪಳಿ ತುಂಡಾಗಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಈ ಸತ್ಯವನ್ನು ಕಂಡಿತು. ಕಾರಿನ ಬ್ರೇಕ್ ಕೂಡ ಇಂಥದ್ದೇ ಒಂದು ಬಾಗಿಲು. ದಿನವೂ ಕೆಲಸ ಮಾಡುತ್ತದೆಂಬ ನಂಬಿಕೆಯಲ್ಲಿಯೇ ನಾವು ಅದನ್ನು ಮರೆಯುತ್ತೇವೆ.

ಕನ್ನಂಬಾಡಿಯ ತಳಪಾಯ

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾದ ವಿಶ್ವೇಶ್ವರಯ್ಯನವರು, ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ರಕ್ಷಣಾ ಯೋಜನೆ ರೂಪಿಸಿದರು. 1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಯಿತು.

ಕೆಳಗಿನ ಮದ್ರಾಸ್ ಪ್ರಾಂತ್ಯದ ಆಕ್ಷೇಪದಿಂದಾಗಿ ಮೊದಲಿಗೆ ಅನುಮತಿ ದೊರೆತದ್ದು ಕಡಿಮೆ ಎತ್ತರದ ಕಟ್ಟೆಗೆ. ಆದರೂ ಮುಂದೆ ಎತ್ತರಿಸಲು ಅನುಕೂಲವಾಗುವಷ್ಟು ಅಗಲವಾದ ತಳಪಾಯವನ್ನೇ ಹಾಕಲಾಯಿತು. ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲಿನ ಗೋಡೆ ಎದ್ದಿತು. ಅವರು ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ, 1930ರ ದಶಕದ ಆರಂಭದಲ್ಲಿ ಕಟ್ಟೆ ಪೂರ್ಣಗೊಂಡಿತು. ಹುಲಿಕೆರೆಯ ಸುರಂಗದ ಮೂಲಕ ಹಾದುಹೋಗುವ ಇರ್ವಿನ್ ನಾಲೆ ಮಂಡ್ಯದ ಒಣಭೂಮಿಗೆ ನೀರು ತಂದಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಜನರ ಬಾಯಲ್ಲಿ ವಿ.ಸಿ. ನಾಲೆ. ಕಟ್ಟೆಯ ಹಿನ್ನೀರು ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳವರೆಗೆ ಚಾಚಿಕೊಂಡಿದೆ.

ಎರಡು ಕಾರು

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ ಮುಂತಾದ ಸಂಸ್ಥೆಗಳು ಹುಟ್ಟಿದ್ದು ಈ ಅವಧಿಯಲ್ಲಿಯೇ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ವಿಷಯದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು ಅಧಿಕಾರ ಬಿಟ್ಟರು. ಆ ನಿಲುವನ್ನು ಇತಿಹಾಸಕಾರರು ಇಂದಿಗೂ ಪ್ರಶ್ನಿಸುತ್ತಾರೆ.

ರಾಜೀನಾಮೆ ಕೊಡಲು ಅರಮನೆಗೆ ಸರ್ಕಾರಿ ಕಾರಿನಲ್ಲಿ ಹೋದ ದಿವಾನರು ಮರಳುವಾಗ ಸ್ವಂತ ಕಾರಿನಲ್ಲಿ ಬಂದರೆಂಬ ಪ್ರಸಂಗ ನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ರೈಲಿನಲ್ಲಿ ಕುಳಿತಿದ್ದಾಗ ಚಕ್ರದ ಸದ್ದು ಬದಲಾದುದನ್ನು ಗುರುತಿಸಿ, ಹಳಿ ಬಿರುಕು ಬಿಟ್ಟಿದೆಯೆಂದು ಎಚ್ಚರಿಸಿ ಗಾಡಿ ನಿಲ್ಲಿಸಿದರೆಂಬ ಇನ್ನೊಂದು ಕಥೆಯೂ ಜನರ ಬಾಯಲ್ಲಿ ಉಳಿದಿದೆ. ಮೊದಲನೆಯದನ್ನು ಪ್ರಾಮಾಣಿಕತೆಗೂ ಎರಡನೆಯದನ್ನು ಬುದ್ಧಿವಂತಿಕೆಗೂ ಉದಾಹರಿಸುವುದು ರೂಢಿ. ಜನ ಅವರಲ್ಲಿ ಕಂಡ ಗುಣ ಒಂದೇ: ತನ್ನ ಕೈಗೆ ಬಂದ ಯಂತ್ರದ ಬಗ್ಗೆ ಎಚ್ಚರ, ಅದರ ಸದ್ದಿಗೆ ಕಿವಿಗೊಡುವ ತಾಳ್ಮೆ.

ಕೈತಪ್ಪಿದ ಕಾರ್ಖಾನೆ

1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿದ್ದು, ನಷ್ಟದಲ್ಲಿದ್ದ ಉದ್ಯಮವನ್ನು ದಾರಿಗೆ ತಂದ ಬಳಿಕ ಅವರ ಗಮನ ಮೋಟಾರು ಉದ್ಯಮದತ್ತ ಹರಿಯಿತು. ಕಾರುಗಳನ್ನು ಹೊರಗಿನಿಂದ ತರಿಸುವ ದೇಶ ಬಿಡಿಭಾಗಕ್ಕೂ ದುರಸ್ತಿಗೂ ಹೊರಗಿನವರನ್ನೇ ನೆಚ್ಚಬೇಕಾಗುತ್ತದೆ. 1935ರಲ್ಲಿ ಯೂರೋಪ್ ಮತ್ತು ಅಮೆರಿಕ ಪ್ರವಾಸ ಕೈಗೊಂಡು ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಒಲವು ತೋರಿತಾದರೂ 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ನೀಡಿತು. ಬಳಿಕ ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ.

1940ರಲ್ಲಿ ವಾಲ್‌ಚಂದ್ ಅವರೇ ಮೈಸೂರು ಸರ್ಕಾರದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಕಾರಿನ ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹೆಸರಿನಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಮುಂದೆ ಕರ್ನಾಟಕದ ರಸ್ತೆಗಳಲ್ಲಿಯೂ ದಶಕಗಳ ಕಾಲ ಓಡಿದ ಪದ್ಮಿನಿ ಕಾರುಗಳು ಅದೇ ಕಂಪೆನಿಯವು.

ಕಾರ್ಖಾನೆ ಕೈತಪ್ಪಿದರೂ ಕುಶಲಕರ್ಮಿಗಳನ್ನು ತಯಾರಿಸುವ ಕೆಲಸ ನಿಲ್ಲಲಿಲ್ಲ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ತಮ್ಮ ಹೆಸರನ್ನಿಡಲು ಒಪ್ಪದೆ ಮಹಾರಾಜರ ಹೆಸರಿಡಿಸಿದರು. 1943ರಲ್ಲಿ ಆರಂಭವಾದ ಆ ಜಯಚಾಮರಾಜೇಂದ್ರ ಸಂಸ್ಥೆ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಆಟೊಮೊಬೈಲ್ ಎಂಜಿನಿಯರಿಂಗ್ ಅಲ್ಲಿನ ಪಾಠಗಳಲ್ಲೊಂದು.

ನಾಲೆಯ ದಂಡೆಯ ಮೇಲೆ

1955ರಲ್ಲಿ ಭಾರತರತ್ನ ಗೌರವ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು, ನೂರು ವರ್ಷ ದಾಟಿದ ವಯಸ್ಸಿನಲ್ಲಿ ನಿಧನರಾದರು. ಮಿತವಾದ ಆಹಾರ, ತಪ್ಪದ ನಡಿಗೆ, ಮಡಿಕೆ ಕೆಡದ ಉಡುಪು, ಗಡಿಯಾರದ ಮುಳ್ಳಿಗೆ ಹೊಂದಿಸಿದ ದಿನಚರಿ. ದೇಹವನ್ನೂ ಅವರು ನಿಯಮಿತ ನಿರ್ವಹಣೆ ಬೇಡುವ ಯಂತ್ರದಂತೆಯೇ ನೋಡಿಕೊಂಡಿದ್ದರು.

ಅವರು ಕಾಣದ ದೃಶ್ಯಗಳು ಈಗ ಈ ನಾಲ್ಕು ತಾಲ್ಲೂಕುಗಳಲ್ಲಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಮೂಲಕ ಸಾಗುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಕಬ್ಬು ಕಟಾವಿನ ಕಾಲದಲ್ಲಿ ಕೆ.ಆರ್. ಪೇಟೆ, ಪಾಂಡವಪುರ ರಸ್ತೆಗಳಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ಕತ್ತಲಲ್ಲಿ ಎದುರಾಗುತ್ತವೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿ 30 ಮಂದಿ ಸತ್ತರು. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು, ಅದೇ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟ ಬಳಿ ಇನ್ನೊಂದು ಕಾರು ಬಿದ್ದು ಐವರು ಮೃತಪಟ್ಟರು. ಒಂದೊಂದು ಅಪಘಾತಕ್ಕೂ ಅದರದೇ ಕಾರಣ ಇರುತ್ತದೆ. ತಡೆಗೋಡೆ ಕಟ್ಟುವುದು ಸರ್ಕಾರದ ಹೊಣೆ, ವೇಗ ಚಾಲಕನ ಹೊಣೆ. ವಾಹನದ ಸ್ಥಿತಿ ಮಾತ್ರ ಪೂರ್ತಿಯಾಗಿ ಮಾಲೀಕನ ಹೊಣೆ.

ಮಾಲೀಕರ ಪಾಲಿನ ಸರದಿ

ಆ ಹೊಣೆಗೂ ಒಂದು ಸರದಿಪಟ್ಟಿ ಬೇಕು. ಹದಿನೈದು ದಿನಕ್ಕೊಮ್ಮೆ, ಕಾರು ಓಡಿ ಟೈರು ಬಿಸಿಯಾಗುವ ಮೊದಲೇ ಗಾಳಿಯ ಒತ್ತಡ ಅಳೆಯಬೇಕು, ಸ್ಟೆಪ್ನಿಯನ್ನೂ ಮರೆಯಬಾರದು. ಎಷ್ಟು ಒತ್ತಡ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿಯೇ ಇರುತ್ತದೆ. ಗಾಳಿ ಕಡಿಮೆಯಿರುವ ಟೈರು ಹೆದ್ದಾರಿಯ ವೇಗದಲ್ಲಿ ಹೆಚ್ಚು ಬಾಗಿ, ಬಿಸಿಯೇರಿ ಸಿಡಿಯುತ್ತದೆ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಕಡಿಮೆ ಓಡಿದ ಟೈರಿಗೂ ವಯಸ್ಸಾಗುತ್ತದೆ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ದ್ರವ ಇಳಿಜಾರಿನಲ್ಲಿ ಬಿಸಿಯೇರಿ ಆವಿಯಾದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅಥವಾ ಕಂಪೆನಿಯ ಕೈಪಿಡಿ ಹೇಳಿದಂತೆ ಅದನ್ನು ಬದಲಿಸಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಮುಂಗಾರಿಗೆ ಮೊದಲು ವೈಪರ್ ರಬ್ಬರು, ಕಬ್ಬಿನ ಹಂಗಾಮಿಗೆ ಮೊದಲು ಎಲ್ಲ ದೀಪಗಳನ್ನು ನೋಡಿಕೊಳ್ಳಬೇಕು. ಹೊಸ ಸದ್ದು ಕೇಳಿದರೆ ರೇಡಿಯೊ ದನಿ ಏರಿಸದೆ ಮೆಕ್ಯಾನಿಕ್ ಬಳಿ ಹೋಗಬೇಕು.

ನಾಲೆಯ ಸೀಮೆಯಲ್ಲಿ ಇನ್ನೊಂದು ತಿಳಿವಳಿಕೆ ಅಗತ್ಯ. ಕಾರು ನೀರಿಗೆ ಬಿದ್ದರೆ ಹೊರಗಿನ ಒತ್ತಡದಿಂದ ಬಾಗಿಲು ತೆರೆಯುವುದು ಕಷ್ಟ. ಮೊದಲ ಕ್ಷಣಗಳಲ್ಲಿಯೇ ಸೀಟ್ ಬೆಲ್ಟ್ ಬಿಚ್ಚಿ, ಪಕ್ಕದ ಗಾಜು ಇಳಿಸಿ ಹೊರಬರಬೇಕು. ಗಾಜು ಇಳಿಯದಿದ್ದರೆ ಒಡೆಯಬೇಕು. ಮುಂದಿನ ಗಾಜು ಪದರಗಳಿಂದ ಕೂಡಿದ್ದು ಸುಲಭವಾಗಿ ಒಡೆಯದು. ಹೆಚ್ಚಿನ ಕಾರುಗಳಲ್ಲಿ ಪಕ್ಕದ ಗಾಜು ಒಡೆಯುತ್ತದೆ. ಚಾಲಕನ ಕೈಗೆ ಸಿಗುವಂತೆ ಒಂದು ಸಣ್ಣ ಸುತ್ತಿಗೆ ಇಟ್ಟುಕೊಳ್ಳುವುದು ಒಳಿತು.

ಎಂಜಿನಿಯರುಗಳ ದಿನ ಕಳೆದ ಕೆಲವು ವಾರಗಳಲ್ಲಿ ಆಯುಧಪೂಜೆ ಬರುತ್ತದೆ. ಕಾರು ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವ ಆ ದಿನ, ಅದೇ ಚಕ್ರದ ಗೀರನ್ನೂ ಬಗ್ಗಿ ನೋಡುವುದು ರೂಢಿಯಾದರೆ ಗೋಡೆಯ ಮೇಲಿನ ಪೇಟಧಾರಿಗೆ ಈ ಸೀಮೆಯ ಜನ ಸಲ್ಲಿಸುವ ಗೌರವ ಇನ್ನಷ್ಟು ಅರ್ಥಪೂರ್ಣವಾದೀತು.