ಕನಿಕರವನ್ನೊಲ್ಲದ ಹಾಡುಗಾರ

ಕೋಪದಿಂದ ಹಾಡು ಹುಟ್ಟುವುದುಂಟು, ನಗೆಯಿಂದಲೂ ಹುಟ್ಟುವುದುಂಟು. ಇವೆರಡೂ ಒಂದೇ ಉಸಿರಿನಲ್ಲಿ ಬೆರೆತು ಹುಟ್ಟುವುದು ಮಾತ್ರ ವಿರಳ. 1976-77ರ ಸುಮಾರಿಗೆ ಲಂಡನ್ನಿನಲ್ಲಿ ತಲೆಯೆತ್ತಿದ ‘ಪಂಕ್’ ಎಂಬ ಸಂಗೀತದಲ್ಲಿ ಕೋಪಕ್ಕೇನೂ ಬರವಿರಲಿಲ್ಲ. ಕೆಲಸವಿಲ್ಲದ ತರುಣರು ಅರೆಬರೆ ಕಲಿತ ಗಿಟಾರನ್ನು ಕೈಗೆತ್ತಿಕೊಂಡು, ಅರಮನೆಯಿಂದ ಹಿಡಿದು ಉದ್ಯೋಗ ಕಚೇರಿಯವರೆಗೆ ಎಲ್ಲವನ್ನೂ ಬೈದು ಹಾಡಿದರು. ಆ ಗದ್ದಲದ ನಡುವೆ, ಅವರಲ್ಲಿ ಬಹುಮಂದಿಗಿಂತ ಹತ್ತು ಹದಿನೈದು ವರ್ಷ ಹಿರಿಯನಾದ, ಎಡಗಾಲಿಗೆ ಕ್ಯಾಲಿಪರ್ ಕಟ್ಟಿ ಕೋಲೂರಿಕೊಂಡು ವೇದಿಕೆಗೆ ಬರುತ್ತಿದ್ದ ಒಬ್ಬ ಹಾಡುಗಾರನು ಬೈಗುಳಕ್ಕೆ ಸಾಹಿತ್ಯದ ಹದವನ್ನು ತಂದುಕೊಟ್ಟನು. ಅವನೇ ಇಯಾನ್ ಡ್ಯೂರಿ.

ಡ್ಯೂರಿ ಹುಟ್ಟಿದ್ದು 1942ರ ಮೇ 12ರಂದು, ಲಂಡನ್ನಿಗೆ ಸೇರಿಕೊಂಡಂತಿರುವ ಹ್ಯಾರೊ ಎಂಬಲ್ಲಿ. ತಂದೆ ಬಸ್ಸಿನ ಚಾಲಕ. ಮುಂದೆ ಸಿರಿವಂತರ ಮೋಟಾರುಗಳನ್ನು ನಡೆಸಿ ಬದುಕಿದವನು. ತಾಯಿ ವೈದ್ಯರ ಮನೆತನದ ವಿದ್ಯಾವಂತೆ. ದಂಪತಿಗಳು ಬಹುಕಾಲ ಕೂಡಿ ಬಾಳಲಿಲ್ಲ. ಹುಡುಗನು ತಾಯಿಯ ಆಸರೆಯಲ್ಲಿ ಎಸೆಕ್ಸ್ ಸೀಮೆಯ ಅಪ್‌ಮಿನ್‌ಸ್ಟರ್‌ನಲ್ಲಿ ಬೆಳೆದನು. ಮನೆಯಲ್ಲಿ ಓದಿದವರ ಇಂಗ್ಲಿಷು, ಬೀದಿಯಲ್ಲಿ ದುಡಿಯುವವರ ಇಂಗ್ಲಿಷು, ಎರಡೂ ಅವನ ಕಿವಿಗೆ ಬಿದ್ದವು. ಹಾಡಲು ನಿಂತಾಗ ಅವನು ಆರಿಸಿಕೊಂಡದ್ದು ತಂದೆಯ ನುಡಿಯನ್ನು. ಇಂಗ್ಲೆಂಡಿನ ಗಾಯಕರು ಬಹುಮಟ್ಟಿಗೆ ಅಮೆರಿಕದ ಉಚ್ಚಾರಣೆಯನ್ನು ಅನುಕರಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

1949ರಲ್ಲಿ, ಏಳನೆಯ ವಯಸ್ಸಿನಲ್ಲಿ, ಅವನಿಗೆ ಪೋಲಿಯೊ ತಗುಲಿತು. ಸೌತೆಂಡ್ ಎಂಬ ಕಡಲತಡಿಯ ಊರಿನ ಈಜುಕೊಳದಿಂದ ರೋಗ ಬಂದಿತೆಂಬುದು ಅವನ ನಂಬಿಕೆಯಾಗಿತ್ತು. ಆಗ ಪೋಲಿಯೊಗೆ ಲಸಿಕೆಯಿರಲಿಲ್ಲ. ಸಾಲ್ಕ್ ವಿಜ್ಞಾನಿಯ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಆರು ವರ್ಷಗಳ ಈ ಅಂತರವು ಒಂದು ಬಾಳಿನ ದಿಕ್ಕನ್ನೇ ನಿರ್ಧರಿಸಿತು. ಮೈತುಂಬ ಪ್ಲಾಸ್ಟರಿನ ಕಟ್ಟಿನಲ್ಲಿ ಆರು ವಾರ, ಅನಂತರ ಬ್ಲ್ಯಾಕ್ ನಾಟ್ಲಿಯ ಆಸ್ಪತ್ರೆಯಲ್ಲಿ ಸುಮಾರು ಒಂದೂವರೆ ವರ್ಷ ಕಳೆದು ಹೊರಬರುವ ವೇಳೆಗೆ ಅವನ ಎಡಗಾಲೂ ಎಡಗೈಯೂ ಸೊರಗಿದ್ದವು.

ಅಲ್ಲಿಂದ 1951ರಲ್ಲಿ ಚೇಲಿ ಎಂಬಲ್ಲಿದ್ದ ಅಂಗವಿಕಲ ಮಕ್ಕಳ ಶಾಲೆಗೆ ಸೇರಿದನು. ಆ ಶಾಲೆಯ ಶಿಸ್ತು ಕಠಿನವಾದದ್ದು. ಬಿದ್ದ ಮಗುವನ್ನು ಯಾರೂ ಎತ್ತುತ್ತಿರಲಿಲ್ಲ, ತಾನಾಗಿಯೇ ಏಳಬೇಕು. ಲೋಕದಲ್ಲಿ ಕೈಹಿಡಿಯುವವರು ಸದಾ ದೊರೆಯುವುದಿಲ್ಲ, ಆದ್ದರಿಂದ ಈಗಲೇ ಕಲಿಯಲಿ ಎಂಬುದು ಅದರ ಹಿಂದಿನ ತತ್ತ್ವ. ಡ್ಯೂರಿ ಆ ಶಾಲೆಯನ್ನು ಪ್ರೀತಿಸಲಿಲ್ಲ. ಆದರೆ ಅದು ಕಲಿಸಿದ ಪಾಠವನ್ನು ಮರೆಯಲೂ ಇಲ್ಲ. ಕನಿಕರವೆಂಬುದು ಬಿದ್ದವನನ್ನು ಎತ್ತುವುದಿಲ್ಲ, ಬಿದ್ದಲ್ಲಿಯೇ ಇರಿಸುತ್ತದೆ ಎಂಬ ಅರಿವು ಅವನ ಮುಂದಿನ ಎಲ್ಲ ಹಾಡುಗಳ ತಳದಲ್ಲಿದೆ. ತಾಯಿಯ ಹಂಬಲದಂತೆ ಹೈ ವಿಕಮ್‌ನ ಗ್ರಾಮರ್ ಶಾಲೆಗೆ ಹೋದಾಗ ಅಲ್ಲಿನ ಹುಡುಗರ ಪೀಡೆಯನ್ನು ಅವನು ನಾಲಗೆಯ ಬಲದಿಂದಲೇ ಎದುರಿಸಬೇಕಾಯಿತು.

ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ವಾಲ್ಥಮ್‌ಸ್ಟೋದ ಚಿತ್ರಕಲಾ ಶಾಲೆಯನ್ನು ಸೇರಿದನು. ಅಲ್ಲಿ ದೊರೆತ ಗುರು ಪೀಟರ್ ಬ್ಲೇಕ್. ಸಂತೆಯ ಚಿತ್ರಪಟ, ಕುಸ್ತಿಪಟುವಿನ ಭಾವಚಿತ್ರ, ಅಗ್ಗದ ಆಟಿಕೆ ಇವೆಲ್ಲ ಕಲೆಗೆ ವಸ್ತುವಾಗಬಲ್ಲವೆಂದು ತೋರಿಸಿದ ಕಲಾವಿದನೀತ. ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿಯೂ ವ್ಯಾಸಂಗ ಮಾಡಿ ಡ್ಯೂರಿ ಕ್ಯಾಂಟರ್ಬರಿ ಮುಂತಾದೆಡೆ ಚಿತ್ರಕಲೆಯ ಅಧ್ಯಾಪಕನಾದನು. ತಾನು ಬಯಸಿದ ಎತ್ತರದ ಚಿತ್ರಕಾರನಾಗಲಾರೆನೆಂದು ಮನಗಂಡು ಕುಂಚವನ್ನು ಕೆಳಗಿಟ್ಟರೂ, ವ್ಯಕ್ತಿಚಿತ್ರ ಬರೆಯುವ ಕಣ್ಣನ್ನು ಕಳೆದುಕೊಳ್ಳಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ‘ಕಿಲ್‌ಬರ್ನ್ ಅಂಡ್ ದಿ ಹೈರೋಡ್ಸ್’ ಎಂಬ ತಂಡವನ್ನು ಕಟ್ಟಿದನು. ಲಂಡನ್ನಿನ ಒಂದು ಬೀದಿಯ ಹೆಸರನ್ನೇ ತಿರುಚಿದ ಹೆಸರು ಅದು. ಪಬ್ಬುಗಳಲ್ಲಿ ಹಾಡುತ್ತಿದ್ದ ಈ ತಂಡಕ್ಕೆ ಹಣ ಬರಲಿಲ್ಲ. ಆದರೆ ಅದನ್ನು ನೋಡಲು ಬಂದ ಹುಡುಗರಲ್ಲಿ ಕೆಲವರು ಮುಂದೆ ಪಂಕ್ ಗಾಯಕರಾದರು. ಧ್ವನಿವರ್ಧಕಕ್ಕೆ ಜೋತುಬಿದ್ದು ಸಭೆಯನ್ನು ದುರುಗುಟ್ಟಿ ನೋಡುವ ಅವರ ಭಂಗಿಗೆ ಡ್ಯೂರಿಯೇ ಮೂಲವೆಂದು ಹೇಳುವುದುಂಟು. ತರುಣರಿಗೆ ಅದು ಭಂಗಿ; ಡ್ಯೂರಿಗಾದರೋ ನಿಲ್ಲುವುದಕ್ಕೆ ಬೇಕಾದ ಆಸರೆ!

ಕೀರ್ತಿ ಬಂದದ್ದು 1977ರಲ್ಲಿ, ಅವನ ಮೂವತ್ತೈದನೆಯ ವಯಸ್ಸಿನಲ್ಲಿ. ಚಾಸ್ ಜಾಂಕೆಲ್ ಎಂಬ ಸಂಗೀತಗಾರನೊಡನೆ ಕೂಡಿ ರಚಿಸಿದ ‘ನ್ಯೂ ಬೂಟ್ಸ್ ಅಂಡ್ ಪ್ಯಾಂಟೀಸ್’ ಎಂಬ ಧ್ವನಿಮುದ್ರಿಕೆಯನ್ನು ಸ್ಟಿಫ್ ಎಂಬ ಸಣ್ಣ ಸಂಸ್ಥೆ ಹೊರತಂದಿತು. ಪಾದರಕ್ಷೆ ಒಳಉಡುಪುಗಳ ಹೊರತು ಮಿಕ್ಕ ಬಟ್ಟೆಯನ್ನೆಲ್ಲ ಅವನು ಹಳೆಯ ಬಟ್ಟೆಯಂಗಡಿಯಲ್ಲಿ ಕೊಳ್ಳುತ್ತಿದ್ದನಂತೆ; ಆ ಬಡತನವೇ ಶೀರ್ಷಿಕೆಯಾಯಿತು. ಇದರಲ್ಲಿನ ಹಾಡುಗಳು ಒಂದೊಂದೂ ಒಂದು ವ್ಯಕ್ತಿಚಿತ್ರ. ತನ್ನ ಶೃಂಗಾರ ಸಾಹಸಗಳನ್ನು ಕೊಚ್ಚಿಕೊಳ್ಳುವ ಎಸೆಕ್ಸಿನ ಗಾರೆ ಕೆಲಸದವನು ಒಬ್ಬ. ದಡ್ಡನೆಂದು ಲೋಕ ಕರೆದರೆ, ತಾನು ದಡ್ಡನಲ್ಲವೆಂಬುದನ್ನು ಸಿಕ್ಕುಸಿಕ್ಕಾದ ತರ್ಕದಿಂದ ಸಾಧಿಸಹೊರಟ ಟ್ರೆವರ್ ಇನ್ನೊಬ್ಬ. ಟ್ರೆವರನ ಮಾತಿಗೆ ನಾವು ಮೊದಲು ನಗುತ್ತೇವೆ. ಅವನಿಗೆ ಕಲಿಯುವ ಅವಕಾಶವನ್ನು ಯಾರು ಕೊಟ್ಟರೆಂಬ ಪ್ರಶ್ನೆ ಎದ್ದೊಡನೆ ಆ ನಗೆ ಗಂಟಲಲ್ಲಿ ನಿಲ್ಲುತ್ತದೆ. 1968ರಲ್ಲಿ ತೀರಿಕೊಂಡ ತಂದೆಯ ಚಿತ್ರವೂ ಇಲ್ಲಿದೆ. ಅದರಲ್ಲಿ ದೂರೂ ಇಲ್ಲ, ವೈಭವೀಕರಣವೂ ಇಲ್ಲ. 1979ರ ಜನವರಿಯಲ್ಲಿ ಅವನ ಇನ್ನೊಂದು ಹಾಡು ಬ್ರಿಟನ್ನಿನ ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಆದರೆ ಡ್ಯೂರಿಯ ಸತ್ತ್ವಪರೀಕ್ಷೆ ನಡೆದದ್ದು ಗೆಲುವಿನಲ್ಲಲ್ಲ, ಸೋಲಿನಲ್ಲಿ. 1981ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಘೋಷಿಸಿತು. ಹಾಗಾದರೆ 1982ರ ಹೊತ್ತಿಗೆ ನಾವೆಲ್ಲ ನೆಟ್ಟಗಾಗಿಬಿಡುತ್ತೇವೆ ಎಂದು ಡ್ಯೂರಿ ಕುಹಕವಾಡಿದನು. ಈ ಕುಹಕದಿಂದಲೇ ‘ಸ್ಪ್ಯಾಸ್ಟಿಕಸ್ ಆಟಿಸ್ಟಿಕಸ್’ ಹುಟ್ಟಿತು. ಅಂಗವಿಕಲರನ್ನು ಹಳಿಯಲು ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದ ಬೈಗುಳವನ್ನು ಅವನು ಸ್ಪಾರ್ಟಕಸ್ ಎಂಬ ರೋಮನ್ ಗುಲಾಮನ ಹೆಸರಿಗೆ ಬೆಸೆದನು. 1960ರ ಚಲನಚಿತ್ರದಲ್ಲಿ, ದಂಗೆಯ ನಾಯಕನಾರೆಂದು ಕೇಳಿದಾಗ ಗುಲಾಮರು ಒಬ್ಬೊಬ್ಬರಾಗಿ ಎದ್ದು ತಾನೇ ಆ ಸ್ಪಾರ್ಟಕಸ್ ಎನ್ನುತ್ತಾರಷ್ಟೆ. ಡ್ಯೂರಿಯ ಹಾಡಿನ ಕೊನೆಯಲ್ಲಿಯೂ ಹಾಗೆಯೇ ದನಿಗಳು ಒಂದರ ಹಿಂದೊಂದು ಏಳುತ್ತವೆ, ಬೈಗುಳವು ಬಿರುದಾಗುತ್ತದೆ.

ಬಿ.ಬಿ.ಸಿ. ಈ ಹಾಡನ್ನು ಸಂಜೆ ಆರಕ್ಕೆ ಮುಂಚೆ ಪ್ರಸಾರ ಮಾಡಲು ಒಪ್ಪಲಿಲ್ಲ. ಧ್ವನಿಮುದ್ರಿಕೆಯ ಸಂಸ್ಥೆ ಅದನ್ನು ಬೇಗನೆ ಹಿಂದೆಗೆದುಕೊಂಡಿತು. ಅಂಗವಿಕಲರ ಮನಸ್ಸು ನೋಯುವುದೆಂಬುದು ಅಂಜಿಕೆ. ಒಬ್ಬ ಅಂಗವಿಕಲನೇ ತನ್ನನ್ನು ಕುರಿತು ಬರೆದುದನ್ನು ಅಂಗವಿಕಲರ ಹೆಸರಿನಲ್ಲಿಯೇ ಮರೆಮಾಡಿದ ವಿಪರ್ಯಾಸವಿದು. ಪದವು ಯಾರದು, ಅದನ್ನು ಬಳಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಇಲ್ಲಿದೆ. ನಮ್ಮಲ್ಲಿಯೂ ಹೆಳವ, ಕುಂಟ ಎಂಬ ಮಾತುಗಳು ಹಿಂದೆ ಸರಿದು ಅಂಗವಿಕಲ, ವಿಕಲಚೇತನ ಎಂಬ ಮಾತುಗಳು ಬಂದಿವೆ. ಪದ ಮೃದುವಾದುದು ಒಳ್ಳೆಯದೇ. ಆದರೆ ಕಚೇರಿಯ ಮೆಟ್ಟಿಲು ಹಾಗೆಯೇ ಉಳಿದರೆ ಮೃದುವಾದ ಪದವೂ ಒಂದು ಬಗೆಯ ಕನಿಕರವೇ ಆದೀತು.

ಡ್ಯೂರಿಯನ್ನು ಸಂತನೆಂದು ಬಣ್ಣಿಸುವುದು ಅವನಿಗೇ ಒಪ್ಪುತ್ತಿರಲಿಲ್ಲ. ಕುಡಿದಾಗ ಅವನ ನಾಲಗೆ ಆಪ್ತರನ್ನೂ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಕವಚವಾಗಿದ್ದುದು ಮನೆಯಲ್ಲಿ ಆಯುಧವಾದುದೂ ಉಂಟು. 1981ರ ಬಳಿಕ ಕೀರ್ತಿ ಇಳಿಯಿತು. ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದನು. 1996ರಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಆ ಬೇನೆಯಲ್ಲಿಯೂ ಹಾಡು ನಿಲ್ಲಲಿಲ್ಲ. ಯೂನಿಸೆಫ್‌ನ ಪರವಾಗಿ 1998ರಲ್ಲಿ ಶ್ರೀಲಂಕೆಗೆ ಹೋಗಿ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಕಾರ್ಯದಲ್ಲಿ ಕೈಗೂಡಿಸಿದನು. ತನಗೆ ಆರು ವರ್ಷಗಳ ಅಂತರದಿಂದ ತಪ್ಪಿಹೋದುದನ್ನು ಪರದೇಶದ ಕೂಸುಗಳಿಗೆ ಮುಟ್ಟಿಸುವ ಈ ಕೆಲಸ ಕನಿಕರದ್ದಲ್ಲ. ಅದು ಬಾಕಿ ತೀರಿಸುವಂಥದು. 2000ದ ಮಾರ್ಚ್ 27ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಡ್ಯೂರಿ ತೀರಿಕೊಂಡನು.

2012ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಅಂಗವಿಕಲ ಕ್ರೀಡಾಳುಗಳ ಪ್ಯಾರಾಲಿಂಪಿಕ್ ಕೂಟ ಆರಂಭವಾದಾಗ, ಗ್ರೇಯಿ ಎಂಬ ಅಂಗವಿಕಲ ಕಲಾವಿದರ ನಾಟಕತಂಡವು ತುಂಬಿದ ಕ್ರೀಡಾಂಗಣದಲ್ಲಿ ಅದೇ ‘ಸ್ಪ್ಯಾಸ್ಟಿಕಸ್’ ಹಾಡನ್ನು ಪ್ರದರ್ಶಿಸಿತು. ಮೂವತ್ತೊಂದು ವರ್ಷ ಹಿಂದೆ ಹಗಲಿನಲ್ಲಿ ಕೇಳಲಾಗದೆಂದು ತಡೆದಿದ್ದ ಹಾಡು ಲೋಕವೆಲ್ಲ ನೋಡುವ ಉತ್ಸವದ ಹಾಡಾಯಿತು. ಇನ್ನೂ ಎರಡು ವರ್ಷಕ್ಕೆ, 2014ರಲ್ಲಿ, ಭಾರತವೂ ಶ್ರೀಲಂಕೆಯೂ ಸೇರಿದಂತೆ ಆಗ್ನೇಯ ಏಷ್ಯಾ ವಲಯದ ಹನ್ನೊಂದು ದೇಶಗಳು ಪೋಲಿಯೊದಿಂದ ಮುಕ್ತವಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಂದಿನ ದಿನಾಂಕವೂ ಮಾರ್ಚ್ 27. ಇದು ಕೇವಲ ಕಾಕತಾಳೀಯ. ಆದರೂ ಮನೆಮನೆಯ ಬಾಗಿಲಿಗೆ ಲಸಿಕೆಯ ಹನಿ ಬಂದ ದಿನಗಳನ್ನು ಕಂಡ ನಮಗೆ, ಆ ಹನಿ ಸಿಗದೆ ಬೆಳೆದವನೊಬ್ಬನು ತನ್ನ ಕಾಲಿನ ಕಬ್ಬಿಣವನ್ನೇ ತಾಳವಾಗಿ ಬಡಿದ ಕಥೆ ತೀರ ಪರಕೀಯವೆನಿಸಲಾರದು.