ಐದಡಿ ಹೆಂಗಸು, ಅಳತೆಯ ಕೋವಿ

ಟೈಲರ್ ಅಂಗಡಿಗೆ ಹೋದರೆ ಅವನು ಮೊದಲು ಟೇಪು ಹಿಡಿದು ಭುಜ, ತೋಳು, ಕತ್ತಿನ ಅಳತೆ ತಗೋತಾನೆ. ಅಂಗಿಗೆ ಅಳತೆ ಬೇಕು, ಚಪ್ಪಲಿಗೆ ಅಳತೆ ಬೇಕು. ಕೋವಿಗೂ ಅಳತೆ ಬೇಕು ಅಂದ್ರೆ ಮಾತ್ರ ಜನ ನಗ್ತಾರೆ. ಆದರೆ ಲೋಕವೆಲ್ಲ ಹೆಸರು ಮಾಡಿದ ಗುರಿಗಾರ್ತಿ ಆನಿ ಓಕ್ಲೀಗೆ ಈ ಪಾಠ ಆದದ್ದು 26ನೇ ವಯಸ್ಸಿನಲ್ಲಿ, ಅದೂ ಪರದೇಶದಲ್ಲಿ ಏಟು ತಪ್ಪಿದ ಮೇಲೆ!

ಆಕೆ ಹುಟ್ಟಿದ್ದು 1860ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಬಡ ರೈತನ ಮನೆಯಲ್ಲಿ. 1866ರಲ್ಲಿ ತಂದೆ ತೀರಿಕೊಂಡ. ಮನೆ ತುಂಬ ಮಕ್ಕಳು, ದುಡಿಯೋರು ಯಾರೂ ಇಲ್ಲ. ಹುಡುಗಿಯನ್ನು ಸರ್ಕಾರದ ಬಡವರ ಮನೆಗೆ ಸೇರಿಸಿದರು. ಅಲ್ಲಿಂದ ಮನೆಗೆಲಸಕ್ಕೆ ಕರಕೊಂಡು ಹೋದವರು ದುಡಿಸಿ, ಹೊಡೆದು ಗೋಳು ಹುಯ್ದುಕೊಂಡರು. ತಪ್ಪಿಸಿಕೊಂಡು ಊರಿಗೆ ಬಂದವಳು ಕೋವಿ ಹಿಡಿದಳು. ಹೊಡೆದ ಹಕ್ಕಿಗಳನ್ನು ಗ್ರೀನ್‌ವಿಲ್ ಪೇಟೆಯ ಅಂಗಡಿಗೆ ಹಾಕುತ್ತಿದ್ದಳು. ಮದ್ದು, ಚರೆಗೂ ಕಾಸು ಬೇಕಲ್ಲ? ಗುರಿ ತಪ್ಪಿದರೆ ಅಷ್ಟೂ ನಷ್ಟ. 15 ತುಂಬುವ ಹೊತ್ತಿಗೆ ತಾಯಿಯ ಜಮೀನಿನ ಮೇಲಿದ್ದ ಅಡಮಾನದ ಸಾಲವನ್ನೇ ತೀರಿಸಿಬಿಟ್ಟಳು.

ಆಮೇಲೆ ಫ್ರಾಂಕ್ ಬಟ್ಲರ್ ಎಂಬ ಪೇರುಹೊಂದಿದ ಗುರಿಕಾರನನ್ನು ಪಂದ್ಯದಲ್ಲಿ ಸೋಲಿಸಿದಳು. ಸೋತವನು ಮುನಿಸಿಕೊಳ್ಳಲಿಲ್ಲ, ಅವಳನ್ನೇ ಮದುವೆಯಾದ! 1885ರಲ್ಲಿ ಇಬ್ಬರೂ ಬಫಲೋ ಬಿಲ್‌ನ ಪ್ರದರ್ಶನ ಕಂಪನಿ ಸೇರಿದರು. 1887ರಲ್ಲಿ ಕಂಪನಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು.

ಆಟದಲ್ಲಿ ಗಾಜಿನ ಚೆಂಡು ಒಡೆಯುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಆದರೆ ಲಂಡನ್ನಿನ ಪಂದ್ಯದಲ್ಲಿ ಪಾರಿವಾಳ ಬಾಣದ ಹಾಗೆ ಹಾರುತ್ತಿತ್ತು. ಆನಿಯ ಏಟು ಹಿಂದೆ ಬೀಳತೊಡಗಿತು. ಕಣ್ಣು ಮಂದವಾಯಿತೇ? ಕೈ ಸೋತಿತೇ? ಎರಡೂ ಅಲ್ಲ. ಚಾರ್ಲ್ಸ್ ಲ್ಯಾಂಕಾಸ್ಟರ್ ಎಂಬ ಹೆಸರಿನ ಕೋವಿ ಅಂಗಡಿಯ ಯಜಮಾನ ಹೆನ್ರಿ ಥಾರ್ನ್ ಅಸಲು ರೋಗ ಹಿಡಿದ. ಐದಡಿ ಎತ್ತರದ ಮೈಗೆ ಆ ಕೋವಿ ಭಾರ! ಹಕ್ಕಿ ಮುಂದೆ ಹೋದರೂ ನಳಿಗೆ ಹಿಂದೆಯೇ ಉಳಿಯುತ್ತಿತ್ತು. ಆತ ಆನಿಯ ಮೈಕಟ್ಟಿಗೆ ಹೊಂದುವ ಹಗುರವಾದ ಕೋವಿ ಮಾಡಿಕೊಟ್ಟ, ಅಭ್ಯಾಸವನ್ನೂ ಮಾಡಿಸಿದ. ಗುರಿ ಮತ್ತೆ ಕೈಗೆ ಬಂತು.

ಇದರ ಗುಟ್ಟು ಇಷ್ಟೆ. ಚರೆ ಹೊಡೆಯುವ ಕೋವಿಗೆ ರೈಫಲ್ಲಿನಂತೆ ಹಿಂದಿನ ಗುರಿಕಂಡಿ ಇರುವುದಿಲ್ಲ. ಹೊಡೆಯುವವನ ಕಣ್ಣೇ ಗುರಿಕಂಡಿ. ಹಿಂಭಾಗದ ಮರ ಉದ್ದವಾದರೆ ಎತ್ತುವಾಗ ಕಂಕುಳ ಬಟ್ಟೆಗೆ ತಗಲುತ್ತೆ. ಕೆನ್ನೆ ಒರಗುವ ಜಾಗ ಎತ್ತರವಾದರೆ ಚರೆ ಮೇಲೆ ಹೋಗುತ್ತೆ, ತಗ್ಗಾದರೆ ಕೆಳಗೆ. ಎತ್ತುವುದರಲ್ಲೂ ಕ್ರಮ ಉಂಟು. ಕೆನ್ನೆಯನ್ನು ಕೋವಿಗೆ ಬಗ್ಗಿಸಬಾರದು, ಕೋವಿಯನ್ನೇ ಕೆನ್ನೆಗೆ ತರಬೇಕು. ಆಮೇಲೆ ಅದು ಭುಜಕ್ಕೆ ಕೂರಬೇಕು. ನೋಟ ಹಕ್ಕಿಯ ಮೇಲಿರಬೇಕು, ನಳಿಗೆಯ ಮೇಲಲ್ಲ. ಟ್ರಿಗರ್ ಎಳೆದ ಮೇಲೂ ಕೋವಿ ತಿರುಗುತ್ತಲೇ ಇರಬೇಕು. ನಿಲ್ಲಿಸಿದರೆ ಏಟು ಹಕ್ಕಿಯ ಬಾಲದ ಹಿಂದೆ!

ಮುಂದೆ ಆನಿ ಸಾವಿರಾರು ಹೆಂಗಸರಿಗೆ ಕೋವಿ ಹಿಡಿಯುವುದನ್ನು ಕಲಿಸಿದಳು. ಅದು ಗಂಡಸರ ಕೆಲಸ ಅಂತ ಹಿಂಜರಿದವರಿಗೆ ಆಕೆಯೇ ಉತ್ತರವಾಗಿದ್ದಳು. 1922ರಲ್ಲಿ, 61ರ ಹರೆಯದಲ್ಲಿ, ನಾರ್ತ್ ಕರೋಲಿನಾದ ಪೈನ್‌ಹರ್ಸ್ಟಿನಲ್ಲಿ ಹಾರಿಬಿಟ್ಟ ಮಣ್ಣಿನ ಬಿಲ್ಲೆಗಳಲ್ಲಿ ಸಾಲಾಗಿ 100ಕ್ಕೆ 100 ಒಡೆದಳು. ಅದೇ ವರ್ಷ ಕಾರು ಅಪಘಾತದಲ್ಲಿ ಸೊಂಟ ಮುರಿಯಿತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಮತ್ತೆ ಮೈದಾನಕ್ಕೆ ಇಳಿದಳು. 1926ರ ನವೆಂಬರ್ 3ರಂದು ತೀರಿಕೊಂಡಳು. ಪಂದ್ಯದಲ್ಲಿ ಸೋತು ಗಂಡನಾದ ಫ್ರಾಂಕ್ ಬಟ್ಲರ್, ಅವಳಿಲ್ಲದೆ ಬದುಕಿದ್ದು ಬರೀ 18 ದಿನ.