ಉಮಾಬಾಯಿ ಕುಂದಾಪುರ

ಸಕಲೇಶಪುರ, ಆಲೂರುಗಳ ಮಲೆಗಳಲ್ಲಿ ಮುಂಗಾರು ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಅಂತಹ ಮಳೆಯ ಇರುಳಿನಲ್ಲಿ ಗುರುತಿಲ್ಲದ ದಾರಿಹೋಕನು ಅಂಗಳದಲ್ಲಿ ಬಂದು ನಿಂತರೂ ಅವನನ್ನು ಜಗಲಿಗೆ ಕರೆದು, ಒಂದು ಹೊತ್ತಿನ ಊಟವನ್ನೂ ಹೊದೆಯಲು ಒಂದು ಕಂಬಳಿಯನ್ನೂ ಕೊಡುವುದು ಮಲೆನಾಡಿನ ಮನೆಗಳ ಹಳೆಯ ವಾಡಿಕೆ. ಆದರೆ ಬಂದವರು ಸೆರೆಮನೆಯಿಂದ ಬಿಡುಗಡೆ ಹೊಂದಿ ಬಂದವರೆಂದು ತಿಳಿದರೆ ಎಷ್ಟು ಬಾಗಿಲುಗಳು ತೆರೆದುಕೊಂಡಾವು? ಮಲೆನಾಡಿರಲಿ, ಬಯಲುಸೀಮೆಯಿರಲಿ, ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಸೆರೆಮನೆಯ ಶಿಕ್ಷೆ ಗೊತ್ತಾದ ದಿನ ಮುಗಿಯುತ್ತದೆ. ಜನರ ಅನುಮಾನಕ್ಕೆ ಅಂತಹ ಗಡುವಿಲ್ಲ. ಹೀಗೆ ಹೊರಬಂದು ದಿಕ್ಕುಗಾಣದೆ ನಿಂತವರಿಗೆ ತಮ್ಮ ಪುಟ್ಟ ಮನೆಯ ಬಾಗಿಲನ್ನು ತೆರೆದಿಟ್ಟ ಮಹಿಳೆಯೊಬ್ಬರು ಕನ್ನಡ ನಾಡಿನಲ್ಲಿ ಬಾಳಿದ್ದರು. ಅವರೇ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು.

ಉಮಾಬಾಯಿಯವರು 1892ರಲ್ಲಿ ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ ಜನಿಸಿದರು. ತಂದೆ ಕೃಷ್ಣರಾಯರು. ಹೆತ್ತವರು ಇಟ್ಟ ಹೆಸರು ಭವಾನಿ. ಅಂದಿನ ಪದ್ಧತಿಯಂತೆ ಬಾಲ್ಯದಲ್ಲಿಯೇ ಅವರ ವಿವಾಹವಾಯಿತು. ಪತಿ ಸಂಜೀವರಾಯರು. ಮುಂಬಯಿಯಲ್ಲಿ ನೆಲೆಸಿದ್ದ ಕುಂದಾಪುರ ಮನೆತನದ ಸೊಸೆಯಾಗಿ ಅವರು ಉಮಾಬಾಯಿ ಎಂಬ ಹೆಸರನ್ನು ಪಡೆದರು.

ಅವರ ಮಾವ ಆನಂದರಾಯರು ಸುಧಾರಣಾವಾದಿಗಳು. ಹೆಣ್ಣುಮಕ್ಕಳು ಓದಬೇಕು, ಸ್ವಂತ ಕಾಲಿನ ಮೇಲೆ ನಿಲ್ಲಬೇಕು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಮದುವೆಯೊಡನೆ ಹೆಣ್ಣಿನ ಓದು ಮುಗಿಯಿತೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವರು ಸೊಸೆಯ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಓದು ಕಲಿತ ಉಮಾಬಾಯಿಯವರು ಇತರ ಸ್ತ್ರೀಯರಿಗೆ ಕಲಿಸುವ ಕಾರ್ಯದಲ್ಲಿ ಮಾವನವರಿಗೆ ನೆರವಾದರು. 1920ರ ಆಗಸ್ಟ್ 1ರಂದು ಲೋಕಮಾನ್ಯ ಬಾಲಗಂಗಾಧರ ತಿಲಕರು ಮುಂಬಯಿಯಲ್ಲಿ ನಿಧನರಾದರು. ಅವರ ಅಂತಿಮ ಯಾತ್ರೆಗೆ ಸೇರಿದ ಜನಸಾಗರವು ಉಮಾಬಾಯಿಯವರ ಮನಸ್ಸಿನ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತಿತು. ಅಂದಿನಿಂದ ಅವರು ಸ್ವಾತಂತ್ರ್ಯ ಚಳವಳಿಯ ಕಡೆಗೆ ತಿರುಗಿದರು.

ಇನ್ನೂ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ವೈಧವ್ಯ ಒದಗಿತು. ಸಂಜೀವರಾಯರು ಕ್ಷಯರೋಗಕ್ಕೆ ತುತ್ತಾದರು. ಆ ಕಾಲದ ವಿಧವೆಯ ಪಾಲಿಗೆ ಮನೆಯ ಮೂಲೆಯೇ ಸೆರೆಮನೆಯಾಗಿತ್ತು. ಶುಭಕಾರ್ಯಗಳಿಂದ ಅವಳು ದೂರ. ಬೀದಿಗೆ ಬಂದರೆ ಅಪಶಕುನವೆಂಬ ಹೆಸರು. ಆದರೆ ಆನಂದರಾಯರು ಸೊಸೆಯನ್ನು ಮೂಲೆಗೆ ತಳ್ಳಲಿಲ್ಲ. ಅವರು ಸೊಸೆಯೊಡನೆ ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವನ್ನು ತೆರೆದರು. ಉಮಾಬಾಯಿಯವರು ಬಾಲಕಿಯರ ಶಾಲೆಯಾದ ತಿಲಕ ಕನ್ಯಾಶಾಲೆಯ ಹೊಣೆಯನ್ನು ಹೊತ್ತರು. ಭಗಿನಿ ಮಂಡಳದ ಮೂಲಕ ಸ್ತ್ರೀಯರ ಸೇವೆಗೆ ತೊಡಗಿದರು. ತಮಗಾಗಿ ಒಬ್ಬರು ಬಾಗಿಲು ತೆರೆದುದರಿಂದಲೇ ತಾವು ಹೊರಗೆ ಬರಲು ಸಾಧ್ಯವಾಯಿತೆಂಬುದನ್ನು ಅವರು ಅರಿತಿದ್ದರು.

ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಸ್ಥಾಪಿಸಿದಾಗ ಅದರ ಮಹಿಳಾ ವಿಭಾಗದ ನಾಯಕತ್ವ ಉಮಾಬಾಯಿಯವರಿಗೆ ಬಂದಿತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಕ್ಕೆ ಸ್ವಯಂಸೇವಿಕೆಯರನ್ನು ಕಲೆಹಾಕಲು ಉಮಾಬಾಯಿಯವರು ಊರೂರು ತಿರುಗಿದರು. ಮನೆಮನೆಯ ಹಿರಿಯರನ್ನು ಒಪ್ಪಿಸಿದರು. 150ಕ್ಕೂ ಹೆಚ್ಚು ಮಹಿಳೆಯರು ಮುಂದೆ ಬಂದರು. ಅವರಲ್ಲಿ ವಿಧವೆಯರೂ ಇದ್ದರೆಂಬುದು ಗಮನಿಸತಕ್ಕ ಸಂಗತಿ.

1930ರಲ್ಲಿ ದೇಶದಲ್ಲೆಲ್ಲ ಉಪ್ಪಿನ ಸತ್ಯಾಗ್ರಹ ನಡೆಯಿತು. ಕರ್ನಾಟಕದಲ್ಲಿ ಅಂಕೋಲೆಯ ಕಡಲತೀರ ಅದರ ಕೇಂದ್ರವಾಯಿತು. ಅದರ ಬೆನ್ನಿಗೇ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆಗೆ ಇಳಿದರು. ಸರ್ಕಾರವು ಅವರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಗಂಡಸರೊಡನೆ ಹೆಂಗಸರೂ ಸೆರೆಮನೆ ಸೇರಿದರು.

1932ರಲ್ಲಿ ಉಮಾಬಾಯಿಯವರ ಸರದಿಯೂ ಬಂದಿತು. ಅವರನ್ನು ಬಂಧಿಸಿ ನಾಲ್ಕು ತಿಂಗಳ ಕಾಲ ಪುಣೆಯ ಯರವಡಾ ಸೆರೆಮನೆಯಲ್ಲಿ ಇರಿಸಲಾಯಿತು. ಅಲ್ಲಿದ್ದಾಗಲೇ ಆನಂದರಾಯರು ತೀರಿಕೊಂಡ ವಾರ್ತೆ ಬಂದಿತು. ತಂದೆಯಂತೆ ಸಾಕಿ, ಓದಿಸಿ, ದಾರಿ ತೋರಿದ ಮಾವನವರ ಮುಖವನ್ನು ಕೊನೆಯ ಬಾರಿಗೆ ನೋಡುವ ಭಾಗ್ಯವೂ ಅವರಿಗೆ ದೊರೆಯಲಿಲ್ಲ. ಅದೇ ಸೆರೆಮನೆಯಲ್ಲಿದ್ದ ಸರೋಜಿನಿ ನಾಯಿಡು ಅವರು ಆ ದುಃಖದಲ್ಲಿ ಅವರನ್ನು ಸಂತೈಸಿದರು.

ಬಿಡುಗಡೆ ಹೊಂದಿ ಹುಬ್ಬಳ್ಳಿಗೆ ಮರಳಿದಾಗ ಅವರಿಗೆ ಏನು ಉಳಿದಿತ್ತು? ಮುದ್ರಣಾಲಯವನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಶಾಲೆಗೆ ಬೀಗಮುದ್ರೆ ಬಿದ್ದಿತ್ತು. ಭಗಿನಿ ಮಂಡಳವು ಕಾನೂನುಬಾಹಿರ ಸಂಸ್ಥೆಯೆಂದು ಘೋಷಿತವಾಗಿತ್ತು. ಗಂಡನಿಲ್ಲ, ಮಾವನವರಿಲ್ಲ, ಆದಾಯವೂ ಇಲ್ಲ. ಉಳಿದಿದ್ದುದು ಒಂದು ಸಣ್ಣ ಮನೆ ಮಾತ್ರ.

ಆ ಮನೆಗೆ ಸೆರೆಮನೆಯಿಂದ ಬಿಡುಗಡೆಯಾದ ಸತ್ಯಾಗ್ರಹಿಗಳು ಬರತೊಡಗಿದರು. ಅವರಲ್ಲಿ ಮಹಿಳೆಯರು ಬಹಳ ಮಂದಿ. ರೈಲುದಾರಿಗಳು ಕೂಡುವ ಹುಬ್ಬಳ್ಳಿಯು ಹಲವರಿಗೆ ಊರಿನ ಹಾದಿಯಲ್ಲಿ ಸಿಗುವ ಪಟ್ಟಣವಾಗಿತ್ತು. ಕೆಲವರ ಬಳಿ ಊರು ಸೇರಲು ಹಣವಿರಲಿಲ್ಲ. ಜಮೀನು ಕಳೆದುಕೊಂಡ ಕುಟುಂಬಗಳವರಿಗೆ ಊರಿನಲ್ಲಿ ಕೂಳಿನ ದಾರಿಯೇ ಕಾಣದಾಗಿತ್ತು. ಇನ್ನು ಕೆಲವರ ಕಷ್ಟ ಹಣದಿಂದ ತೀರುವಂತಹುದಲ್ಲ. ಹೆಣ್ಣು ಹೊಸ್ತಿಲು ದಾಟುವುದೇ ಅಪರಾಧವೆಂದು ಬಗೆಯುತ್ತಿದ್ದ ಆ ಕಾಲದಲ್ಲಿ, ಸೆರೆವಾಸ ಮುಗಿಸಿ ಬಂದವಳನ್ನು ಮತ್ತೆ ಮನೆಯೊಳಗೆ ಸೇರಿಸಿಕೊಳ್ಳಲು ಎಲ್ಲ ಕುಟುಂಬಗಳೂ ಸಿದ್ಧವಿರಲಿಲ್ಲ. ಅವರು ಕದ್ದವರಲ್ಲ, ಕೊಂದವರಲ್ಲ. ದೇಶಕ್ಕಾಗಿ ಸೆರೆ ಹೋದವರು. ಆದರೂ ಸೆರೆಮನೆ ಎಂಬ ಹೆಸರೇ ಅವರಿಗೆ ಅಂಟಿದ ಕಳಂಕವಾಯಿತು.

ಉಮಾಬಾಯಿಯವರು ಅವರೆಲ್ಲರನ್ನೂ ಒಳಗೆ ಕರೆದುಕೊಂಡರು. ಇದ್ದುದರಲ್ಲಿಯೇ ಹಂಚಿ ಉಣ್ಣುವುದು, ನೆಲದ ಮೇಲೆ ಸ್ಥಳವಿದ್ದಷ್ಟು ಜನ ಮಲಗುವುದು ಆ ಮನೆಯ ನಿಯಮವಾಯಿತು. ಊರಿಗೆ ಹೋಗುವವರಿಗೆ ದಾರಿಯ ವೆಚ್ಚಕ್ಕೆ ಒಂದಿಷ್ಟು ಹಣವನ್ನು ಅವರು ಹೇಗೋ ಹೊಂದಿಸಿ ಕೊಡುತ್ತಿದ್ದರು. ಹೋಗಲು ನೆಲೆಯಿಲ್ಲದವರಿಗೆ ಅದೇ ಮನೆ ನೆಲೆಯಾಯಿತು. ತಾವೂ ಎಲ್ಲವನ್ನೂ ಕಳೆದುಕೊಂಡು ಅದೇ ಬಾಗಿಲಿನಿಂದ ಹೊರಬಂದವರಾದ್ದರಿಂದ, ಅಂತಹವರಿಗೆ ಮೊದಲ ದಿನ ಏನು ಬೇಕೆಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಇದಾಗಿ ಎರಡು ದಶಕಗಳು ಕಳೆದ ಮೇಲೆ, 1955ರಲ್ಲಿ, ಜಿನೀವಾ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನವು ಬಂದಿಗಳ ಉಪಚಾರಕ್ಕಾಗಿ ಕೆಲವು ನಿಯಮಗಳನ್ನು ಅಂಗೀಕರಿಸಿತು. ಬಿಡುಗಡೆಯಾದವರಿಗೆ ಇರಲು ಮನೆ, ಮಾಡಲು ಕೆಲಸ, ಹವಾಮಾನಕ್ಕೆ ತಕ್ಕ ಉಡುಪು, ತಮ್ಮ ಊರು ಸೇರಲು ಸಾಕಷ್ಟು ಹಣ ಇವು ದೊರೆಯುವಂತೆ ನೋಡಿಕೊಳ್ಳಬೇಕೆಂಬುದು ಅವುಗಳಲ್ಲೊಂದು. 2015ರಲ್ಲಿ ಪರಿಷ್ಕೃತವಾದ ಈ ನಿಯಮಗಳಿಗೆ, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರನ್ನು ಇಡಲಾಗಿದೆ. ಜಗತ್ತಿನ ರಾಷ್ಟ್ರಗಳು ಕೂಡಿ ಬರೆದಿಟ್ಟ ಈ ಮಾತಿನ ಸಾರವನ್ನು ಹುಬ್ಬಳ್ಳಿಯ ಒಂದು ಪುಟ್ಟ ಮನೆ ಅದಕ್ಕೆ ಮೊದಲೇ ಆಚರಣೆಗೆ ತಂದಿತ್ತು.

ಉಮಾಬಾಯಿಯವರ ಸೇವೆ ಅಷ್ಟಕ್ಕೇ ನಿಲ್ಲಲಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಅವರು ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ, ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1942ರ ಚಳವಳಿಯಲ್ಲಿ ಭೂಗತರಾದ ಹೋರಾಟಗಾರರಿಗೂ ಅವರ ಮನೆ ಆಶ್ರಯವಾಯಿತು. ಪೊಲೀಸರ ಕಣ್ಣು ಆ ಮನೆಯ ಮೇಲಿದ್ದರೂ ಅದರ ಬಾಗಿಲು ಮುಚ್ಚಲಿಲ್ಲ.

1944ರಲ್ಲಿ ಕಸ್ತೂರಬಾ ಗಾಂಧಿಯವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ಕೊನೆಯುಸಿರೆಳೆದರು. ಅವರ ಸ್ಮರಣೆಗಾಗಿ ಗ್ರಾಮೀಣ ಸ್ತ್ರೀಯರ ಮತ್ತು ಮಕ್ಕಳ ಸೇವೆಗೆಂದು ಕಸ್ತೂರಬಾ ನಿಧಿ ಸ್ಥಾಪಿತವಾಯಿತು. 1946ರಲ್ಲಿ ಗಾಂಧೀಜಿಯವರು ಅದರ ಕರ್ನಾಟಕ ಶಾಖೆಯ ಹೊಣೆಯನ್ನು ಉಮಾಬಾಯಿಯವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಆರೋಗ್ಯ, ಶಿಶುಪಾಲನೆ, ಶಿಕ್ಷಣಗಳಲ್ಲಿ ತರಬೇತಿ ಕೊಟ್ಟು ಅವರನ್ನು ಗ್ರಾಮಸೇವಿಕೆಯರನ್ನಾಗಿ ಮಾಡುವುದು ಅದರ ಕೆಲಸ. ಹಣ ಸಾಲದೆ ಬಂದಾಗ ಅವರು ಮನೆಮನೆಗೆ ಹೋಗಿ ಕೈಯೊಡ್ಡಿದರು. ಈ ನಿಧಿಯ ಕೇಂದ್ರವೊಂದು ಸಕಲೇಶಪುರ, ಆಲೂರುಗಳಿರುವ ಹಾಸನ ಜಿಲ್ಲೆಯಲ್ಲಿಯೇ, ಅರಸೀಕೆರೆಯಲ್ಲಿ ಬೆಳೆಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರ, ಪ್ರಶಸ್ತಿ, ಸ್ವಾತಂತ್ರ್ಯಯೋಧರ ವಿಶ್ರಾಂತಿ ವೇತನ ಯಾವುದನ್ನೂ ಅವರು ಬಯಸಲಿಲ್ಲ. ಕೊಡಲು ಬಂದಾಗ ನಿರಾಕರಿಸಿದರು. ಹುಬ್ಬಳ್ಳಿಯ ತಮ್ಮ ಚಿಕ್ಕ ಮನೆಗೆ ಮಾವನವರ ನೆನಪಿನಲ್ಲಿ ಆನಂದ ಸ್ಮೃತಿ ಎಂಬ ಹೆಸರಿತ್ತು. ಅಲ್ಲಿಯೇ ಸರಳವಾಗಿ ಬಾಳಿ, 1992ರಲ್ಲಿ ತುಂಬು ವಯಸ್ಸಿನಲ್ಲಿ ಕಣ್ಮುಚ್ಚಿದರು.

ಸೆರೆಮನೆಯ ಬೀಗವನ್ನು ತೆಗೆಯುವುದು ಸರ್ಕಾರದ ಕೆಲಸ. ಹೊರಗೆ ಬಂದವರಿಗೆ ಮತ್ತೆ ಬಾಳುವ ದಾರಿಯನ್ನು ತೆರೆಯುವುದು ಊರಿನ ಕೆಲಸ. ಮೊದಲನೆಯ ಬಾಗಿಲು ತೆರೆದು ಎರಡನೆಯದು ಮುಚ್ಚಿದ್ದರೆ ಅದು ಬಿಡುಗಡೆಯೆನಿಸದು. ಉಮಾಬಾಯಿಯವರಲ್ಲಿ ಸಂಪತ್ತಿರಲಿಲ್ಲ, ಅಧಿಕಾರವಿರಲಿಲ್ಲ. ಬಂದವರನ್ನು ಒಳಗೆ ಕರೆಯುವ ಮನಸ್ಸು ಮಾತ್ರ ಇತ್ತು. ಅಷ್ಟು ನಮ್ಮೆಲ್ಲರಲ್ಲಿಯೂ ಇರಬಹುದಾದದ್ದೇ ಆಗಿದೆ.